ಆ ಪದ ಏನು ಅಂತ ಬರೆದು ನೋಡಿ

ಪ್ರಶ್ನೆ: ಮಾಸ್ತರರೇ, ನಮ್ಮದು ಬೆಟಗೇರಿಯ ಸಣ್ಣ ಬ್ಯಾಪ್ಟಿಸ್ಟ್ ಸಭೆ. ಆರು ಹುಡುಗರು ಸೇರಿ ವಾರಕ್ಕೊಮ್ಮೆ ದೈವಶಾಸ್ತ್ರ ಓದಬೇಕು, ತಿಂಗಳಿಗೊಂದು ಪುಟ್ಟ ಪತ್ರಿಕೆ ತರಬೇಕು ಅಂತಿದ್ದೇವೆ. ಹಿರಿಯರೊಬ್ಬರು, "ಅದೆಲ್ಲ ಕಾಲೇಜು ಕಲಿತ ಪಾಸ್ಟರ್ ಕೆಲಸ. ಜಾಸ್ತಿ ಓದಿದರೆ ಭಕ್ತಿ ಒಣಗುತ್ತದೆ" ಅನ್ನುತ್ತಾರೆ. ಏನು ಮಾಡೋಣ?
— ಓದುಗ, ಬೆಟಗೇರಿ

ಉತ್ತರ: ತಮ್ಮಾ, ಆ ಹಿರಿಯರ ಮೇಲೆ ಸಿಟ್ಟಾಗಬೇಡಿ. ನಾಲ್ಕು ಪುಸ್ತಕ ಓದಿ ಸಭೆಯಲ್ಲಿ ದೊಡ್ಡ ದೊಡ್ಡ ಪದ ಉದುರಿಸುವವರನ್ನು ಅವರು ಕಂಡಿರಬೇಕು. (ಮೂವತ್ತರ ವಯಸ್ಸಿನಲ್ಲಿ ನಾನೂ ಉದುರಿಸಿದವನೇ.)

ಆದರೆ "ಪಾಸ್ಟರ್ ಕೆಲಸ" ಅನ್ನುವುದನ್ನು ಒಪ್ಪಲಾರೆ. ನಮ್ಮ ಮೇಲೆ ಬಿಷಪ್ ಇಲ್ಲ. ಯಾರನ್ನು ಪಾಸ್ಟರಾಗಿ ಕರೆಯಬೇಕು ಅಂತ ಸಭೆಯೇ ಕೂತು ತೀರ್ಮಾನಿಸುತ್ತದೆ. ಕೈ ಎತ್ತುವವನಿಗೆ ಯಾಕೆ ಎತ್ತುತ್ತಿದ್ದೇನೆ ಅಂತ ಗೊತ್ತಿರಬೇಕು, ಅಲ್ವಾ? ಬೆರೋಯ ಅನ್ನುವ ಊರಿನವರು ಅಪೊಸ್ತಲ ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಹೊಗಳಿದೆ, ಬೈದಿಲ್ಲ.

ಇನ್ನು ಕಾಲೇಜು. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಪಾಸ್ಟರ್ ಆಂಡ್ರ್ಯೂ ಫುಲ್ಲರ್ ರೈತನ ಮಗ, ಸ್ವಂತ ಓದಿನಿಂದಲೇ ಬೆಳೆದವರು. ಸುವಾರ್ತೆಯನ್ನು ಎಲ್ಲರಿಗೂ ಸಾರಬೇಕು ಅಂತ 1785ರಲ್ಲಿ ಪುಸ್ತಕ ಬರೆದು ವಾದಿಸಿದರು. ಬೂಟು ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದದ್ದರ ಹಿಂದೆ ಆ ವಾದವಿತ್ತು. ಅದೇ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಬರೆದರು. ಭಕ್ತಿ ಎಲ್ಲಿ ಒಣಗಿತು?

ನನ್ನ ಕಥೆ ಕೇಳಿ. ಧಾರವಾಡದಲ್ಲಿ ಮಾಸ್ತರನಾಗಿದ್ದಾಗ ಲಿಂಗಾಯತ ಗೆಳೆಯರೊಬ್ಬರು ಚಹಾ ಕುಡಿಯುತ್ತ ಕೇಳಿದರು: "ನಮ್ಮಲ್ಲಿ ಕೂಸಿಗೇ ಲಿಂಗ ಕಟ್ತೀವಿ, ದೀಕ್ಷೆ ಆಮೇಲೆ. ನೀವು ಕೂಸಿಗೆ ಏನೂ ಮಾಡೂದಿಲ್ಲ, ದೊಡ್ಡವರನ್ನ ನೀರಾಗ ಮುಳುಗಸ್ತೀರಿ. ಅದು ದೀಕ್ಷಾನೋ, ಸ್ನಾನಾನೋ? ಗುರು ಯಾರು?" ಇಂಗ್ಲಿಷ್ ಪುಸ್ತಕದ ಉತ್ತರ ಬಾಯಿಪಾಠವಿತ್ತು. ಕನ್ನಡದಲ್ಲಿ ಒಂದು ವಾಕ್ಯ ಹೊರಡಲಿಲ್ಲ. ಚಹಾ ಆರಿತು.

ಮೂರು ರಾತ್ರಿ ಕೂತು ಬರೆದೆ. ಬ್ಯಾಪ್ಟಿಸಮ್ ಅನ್ನುವುದರ ಮೂಲ ಗ್ರೀಕ್ ಪದಕ್ಕೆ ಅದ್ದುವುದು, ಮುಳುಗಿಸುವುದು ಅಂತ ಅರ್ಥ. ನಾವು ದೀಕ್ಷಾಸ್ನಾನ ಅನ್ನುತ್ತೇವೆ. ಅರ್ಧ ಪದ ನೆರೆಮನೆಯದು! ದೀಕ್ಷೆ ಅಂದ ಕೂಡಲೇ ಈ ಕಡೆಯ ಜನಕ್ಕೆ ಗುರು, ಮಂತ್ರ ನೆನಪಾಗುತ್ತವೆ. ನಮ್ಮಲ್ಲಿ ಮುಳುಗುವವನು ಮೊದಲು ತನ್ನ ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಕೂಸಿಗೆ ಕೊಡುವುದಿಲ್ಲ. ಇಷ್ಟು ಸರಳವಾಗಿ ಬರೆಯಲು ಹನ್ನೊಂದು ಹಾಳೆ ಹರಿದೆ. ಗುರುವಿನ ಪ್ರಶ್ನೆಗೆ ಆಮೇಲೂ ಒಂದು ವರ್ಷ ತಿಣುಕಿದೆ.

ನಿಮ್ಮ ಮೊದಲ ಸಂಚಿಕೆಗೆ ಇದೊಂದೇ ಪದ ಸಾಕು. 1841ರಲ್ಲಿ ಬಾಸೆಲ್ ಮಿಷನ್ ಬಂದ ಊರು ನಿಮ್ಮದು. ಆ ಪರಂಪರೆಯವರು ಕೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತಾರೆ. ಸುಮ್ನೆ ಟೀಕಿಸಬೇಡಿ, ಹೋಗಿ ಅವರನ್ನೇ ಕೇಳಿ. ಅವರು ಒಪ್ಪುವ ಹಾಗೆ ಅವರ ವಾದ ಬರೆಯಿರಿ. ಆಮೇಲೆ ನಿಮ್ಮದು.

ಅಚ್ಚಿಗೆ ಮೊದಲು ಆ ಹಿರಿಯರಿಗೆ ಓದಿ ಹೇಳಿ. ಅವರ ತಕರಾರನ್ನೂ ಹಾಕಿ. ನಮ್ಮ ಸೈಕ್ಲೋಸ್ಟೈಲ್ ಪತ್ರಿಕೆ ಐದನೇ ಸಂಚಿಕೆಗೆ ನಿಂತಿತು. ದುಡ್ಡಿತ್ತು, ಕಾಗದವೂ ಇತ್ತು. ಒಪ್ಪುವವರದ್ದನ್ನಷ್ಟೇ ಹಾಕುತ್ತಿದ್ದೆವು, ಆರನೆಯದಕ್ಕೆ ಹೇಳಲು ಏನೂ ಉಳಿದಿರಲಿಲ್ಲ.

ನನಗೊಂದು ಪ್ರತಿ ಕಳಿಸಿ. ಕಾಗುಣಿತ ತಿದ್ದುವ ಚಟ ಇನ್ನೂ ಹೋಗಿಲ್ಲ.