ಮಗು ಮಲಗಿದರೂ ಅವಳಿಗೆ ನಿದ್ದೆ ಇಲ್ಲ ಅಂದ್ರಲ್ಲ?

ಬೆಂಗಳೂರಿನ ಓದುಗರೊಬ್ಬರ ಪತ್ರ ಇದು. ಮದುವೆಯಾಗಿ ಎಂಟು ವರ್ಷ. ಸಾಲ ಮಾಡಿ ಐವಿಎಫ್ ಮಾಡಿಸಿದ್ದಾರೆ, ಮೂರನೇ ಸಲಕ್ಕೆ ಮಗ ಹುಟ್ಟಿದ್ದಾನೆ. ಹೆಂಡತಿ ಬಾಣಂತನಕ್ಕೆ ತಿಪಟೂರಿನ ತವರಿಗೆ ಹೋಗಿದ್ದಾರೆ. ಐದನೇ ತಿಂಗಳಿಗೆ ತಾಯಿ ಮಗು ಇಬ್ಬರೂ ಮನೆಗೆ ಬರಬೇಕು ಅಂತ ಇವರ ಅಮ್ಮನ ಹಟ. ಹೆಂಡತಿ ಬರಲ್ಲ ಅಂತಾರೆ, ಫೋನಿನಲ್ಲಿ ಬರೀ ಅಳು. 'ಯಾರಿಗೂ ಬೇಜಾರಾಗದ ಹಾಗೆ ಹೇಗೆ ಒಪ್ಪಿಸಲಿ ಮೇಡಂ?' ಇದು ಪ್ರಶ್ನೆ.

ಒಪ್ಪಿಸೋದು ಆಮೇಲೆ. ಎರಡನೇ ಪುಟದಲ್ಲಿ ಮಾತಿನ ಮಧ್ಯೆ ಸುಮ್ನೆ ಬಂತು ಅನ್ನೋ ಹಾಗೆ ನೀವು ಎರಡು ಸಾಲು ಬರೆದಿದ್ದೀರಿ. ಮಗು ಮಲಗಿದ್ದರೂ ಅವಳು ಮಲಗಲ್ಲ, ಉಸಿರಾಡ್ತಿದೆಯಾ ಅಂತ ರಾತ್ರಿಯಿಡೀ ನೋಡ್ತಾ ಕೂತಿರ್ತಾಳೆ. ಇನ್ನೊಂದು, 'ನಾನಿಲ್ಲದಿದ್ದರೂ ಇವನು ಬೆಳೀತಾನೆ ಬಿಡಿ' ಅಂತ ಒಮ್ಮೆ ಅಂದಳು. ಇದನ್ನು ಬರೆದು ಮುಂದಿನ ಸಾಲಿನಲ್ಲೇ ನಾಮಕರಣದ ಛತ್ರದ ವಿಷಯಕ್ಕೆ ಹೋಗಿಬಿಟ್ಟಿರಲ್ಲ ಮಾರಾಯರೇ!

ಹೆರಿಗೆಯಾದ ಮೊದಲ ವಾರ ಸುಮ್ನೆ ಅಳು ಬರೋದು ಬಹಳ ಜನರಿಗೆ ಇದ್ದದ್ದೇ. ಎರಡು ವಾರದೊಳಗೆ ಅದು ಹೋಗಬೇಕು. ನಿಮ್ಮ ಮಗನಿಗೆ ನಾಲ್ಕು ತಿಂಗಳು. ಬಾಣಂತಿಯರ ಖಿನ್ನತೆ ಪತ್ತೆ ಮಾಡೋಕೆ ಡಾಕ್ಟರುಗಳು ಬಳಸುವ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, 1987ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಒಂದು ಪ್ರಶ್ನೆ ದುಃಖದಿಂದ ನಿದ್ದೆ ಕೆಡುವುದರ ಬಗ್ಗೆ. ಕೊನೆಯದು, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಯಾರೂ ಕೇಳದೆಯೇ ನಿಮ್ಮ ಹೆಂಡತಿ ಎರಡಕ್ಕೂ ಉತ್ತರ ಕೊಟ್ಟ ಹಾಗಿದೆ.

ಇನ್ನು ನಿಮ್ಮ ಅಕ್ಕ. ದಿನಾ ಫೋನ್ ಮಾಡಿ 'ಅಷ್ಟು ಹರಕೆ ಹೊತ್ತು ಪಡೆದ ಮಗು, ಈಗ ಅಳೋದಾ?' ಅಂತಾರಂತೆ. ನಿಮ್ಮ ಅಮ್ಮನಿಗಿಂತ ನನಗೆ ಸಿಟ್ಟು ಬಂದಿದ್ದು ಇವರ ಮೇಲೆ. ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ: ಕಾದು ಪಡೆದ ಮಗುವಿನ ತಾಯಿಗೂ ಸುಸ್ತಾಗುತ್ತೆ, ಬೇಜಾರಾಗುತ್ತೆ. ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದು ಅವಳು, ಎರಡು ಸಲ ನೆಗೆಟಿವ್ ಬಂದಾಗ ಮಾರನೇ ದಿನವೇ ಅಡುಗೆಮನೆಗೆ ಹೋಗಿದ್ದೂ ಅವಳು. ಆಗ ಎಲ್ಲರೂ ರಿಪೋರ್ಟ್ ಕೇಳಿದರು, ಅವಳು ಹೇಗಿದ್ದಾಳೆ ಅಂತ ಕೇಳಿದವರ ಹೆಸರು ನಿಮ್ಮ ಪತ್ರದಲ್ಲಿ ಒಂದೂ ಇಲ್ಲ. ಈಗ ಮಡಿಲಲ್ಲಿ ಮಗು ಇದೆ, ದೂರು ಹೇಳುವ ಹಕ್ಕೂ ಹೋಯ್ತು. ಅಕ್ಕನ ಫೋನ್ ಇನ್ನು ಮೇಲೆ ನೀವೇ ತಗೊಳ್ಳಿ, ಅವಳಿಗೆ ಹೋಗಬಾರದು.

ನಿಮ್ಮ ಅತ್ತೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯ ಎಲ್ಲಾ ಚೆನ್ನಾಗಿಯೇ ಮಾಡ್ತಿರಬಹುದು. ಅವರನ್ನು ನಾನು ಬೈಯಲ್ಲ. ಆದರೆ ಇದು ಎಣ್ಣೆನೀರಿಗೆ ಹೋಗುವ ಕಾಯಿಲೆ ಅಲ್ಲ.

ನೀವು ಮಾಡಬೇಕಾದ್ದು ಒಂದೇ. ಇವತ್ತೇ ತಿಪಟೂರಿಗೆ ಹೋಗಿ, ನಾಳೆಯೇ ಅವಳನ್ನು ಮನೋವೈದ್ಯರಿಗೆ ತೋರಿಸಿ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ಎದುರಿಗೆ ಕೂತು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿರುವಾಗಲೇ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಸೇರಿಸಲೇಬೇಕು ಅಂತಾದರೂ ಮಗುವನ್ನು ಬಿಟ್ಟಿರಬೇಕಾಗುತ್ತೆ ಅಂತ ಹೆದರಬೇಡಿ, ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡ್ ಇದೆ. ಹಾಲುಣಿಸುವಾಗಲೂ ಕೊಡಬಹುದಾದ ಮಾತ್ರೆಗಳಿವೆ. ಯಾವುದು ಅಂತ ಡಾಕ್ಟರ್ ಹೇಳ್ತಾರೆ, ಅಕ್ಕ ಅಲ್ಲ.

ರಜೆ ಸಿಗಲ್ಲ ಅಂತ ಮಾತ್ರ ಬರೆಯಬೇಡಿ. ಐವಿಎಫ್‌ಗೆ ಸಾಲ ಸಿಕ್ಕಿತ್ತು ಅಲ್ವಾ?