ಇಂಗ್ಲೆಂಡಿನಲ್ಲಿ ಸಮಾಧಿಯೊಂದನ್ನು ಶಾಶ್ವತವಾಗಿ ನೋಡಿಕೊಳ್ಳುವ ಭರವಸೆಗೆ ಕಾನೂನಿನ ಬಲವಿದೆಯೇ?

ಸಾಮಾನ್ಯವಾಗಿ ಇಲ್ಲ. ಒಂದೇ ಸಮಾಧಿಯ ಆರೈಕೆಗೆಂದು ಉಯಿಲಿನಲ್ಲಿ ತೆಗೆದಿಟ್ಟ ಹಣವನ್ನು ಅಲ್ಲಿನ ನ್ಯಾಯಾಲಯಗಳು ಸಾರ್ವಜನಿಕ ದತ್ತಿಯೆಂದು ಪರಿಗಣಿಸುವುದಿಲ್ಲವಾದ್ದರಿಂದ, ಅಂಥ ಟ್ರಸ್ಟಿನ ಅವಧಿ ಸಾಮಾನ್ಯವಾಗಿ 21 ವರ್ಷಗಳನ್ನು ಮೀರುವಂತಿಲ್ಲ. ‘ಎಂದೆಂದಿಗೂ’ ಎಂದು ಬರೆದರೆ ಇಡೀ ಏರ್ಪಾಡೇ ಅಸಿಂಧುವಾಗುವ ಅಪಾಯವಿದೆ. ಚರ್ಚಿನ ಸ್ಮಶಾನದ ಇಡೀ ಅಂಗಳಕ್ಕೆಂದು ಕೊಟ್ಟ ಹಣವಾದರೆ ದತ್ತಿಯೆನಿಸಿ ಈ ಮಿತಿಯಿಂದ ಪಾರಾಗುತ್ತದೆ.

1970ರ ಕಾಯ್ದೆಯೊಂದು, ಸಮಾಧಿ ಮತ್ತು ಸ್ಮಾರಕಗಳ ನಿರ್ವಹಣೆಗಾಗಿ ಗರಿಷ್ಠ 99 ವರ್ಷಗಳ ಒಪ್ಪಂದ ಮಾಡಿಕೊಳ್ಳಲು ಸ್ಥಳೀಯ ಸ್ಮಶಾನ ಪ್ರಾಧಿಕಾರಗಳಿಗೆ ಅವಕಾಶ ಕೊಟ್ಟಿದೆ. ಕುಟುಂಬದವರಿಗೆ ಇದೇ ಹೆಚ್ಚು ಭದ್ರವಾದ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹುಲ್ಲು ಕತ್ತರಿಸುವುದು, ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದು, ಮಾಸಿದ ಅಕ್ಷರಗಳನ್ನು ಮತ್ತೆ ಕೆತ್ತಿಸುವುದು, ಇವುಗಳಲ್ಲಿ ಯಾವುವು ಒಪ್ಪಂದದಲ್ಲಿ ಸೇರಿವೆ ಎಂಬುದನ್ನು ಸಹಿಗೆ ಮುನ್ನವೇ ಓದಿ ಖಚಿತಪಡಿಸಿಕೊಳ್ಳಬೇಕು.