ಸ್ಟೀರಿಂಗ್ ಬಟನ್ ಕೆಲಸ ಮಾಡ್ತಿಲ್ಲ: ಕ್ಲಾಕ್ ಸ್ಪ್ರಿಂಗ್ ಕೊಳ್ಳೋ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ

ಸರ್, ನೀವು ಹೇಳಿರೋದು ಇಷ್ಟು: ವಾಲ್ಯೂಮ್ ಪ್ಲಸ್ ಒತ್ತಿದರೆ ಒಮ್ಮೊಮ್ಮೆ ಹಾಡು ಬದಲಾಗುತ್ತೆ, ಮೋಡ್ ಬಟನ್ ಪೂರ್ತಿ ಸತ್ತಿದೆ, ಹಾರನ್ ಸರಿಯಿದೆ, ಏರ್‌ಬ್ಯಾಗ್ ಲೈಟ್ ಬಂದಿಲ್ಲ, ಕಂಪನಿಯ ಸ್ಟೀರಿಯೋನೇ ಇದೆ. ಗ್ಯಾರೇಜಿನವರು ಕ್ಲಾಕ್ ಸ್ಪ್ರಿಂಗ್, ಅಂದರೆ ತಿರುಗೋ ಸ್ಟೀರಿಂಗಿಗೆ ವೈರ್ ಸಂಪರ್ಕ ಕೊಡೋ ಭಾಗ, ಬದಲಾಯಿಸಬೇಕು ಅಂದಿದ್ದಾರೆ. ಈಗಲೇ ಒಪ್ಪಬೇಡಿ. ನೀವು ಬರೆದ ಲಕ್ಷಣ ನೋಡಿದರೆ ಬಟನ್ ಒಳಗೆ ಕೊಳೆ ಕೂತಿರೋ ಸಾಧ್ಯತೆಯೇ ಹೆಚ್ಚು.

ಕಾರಣ ಹೀಗೆ. ಬಹಳಷ್ಟು ಕಾರುಗಳಲ್ಲಿ ಆಡಿಯೋ ಬಟನ್‌ಗಳಿಗೆಲ್ಲ ಸೇರಿ ಒಂದೋ ಎರಡೋ ವೈರು, ಜೊತೆಗೊಂದು ಗ್ರೌಂಡ್ ಅಷ್ಟೇ ಇರೋದು. ಒಂದೊಂದು ಬಟನ್‌ಗೂ ಒಂದೊಂದು ಬೆಲೆಯ ರೆಸಿಸ್ಟರ್ (ಕರೆಂಟಿಗೆ ಅಡ್ಡಿ ಕೊಡೋ ಚಿಕ್ಕ ಭಾಗ, ಅಳೆಯೋದು ಓಮ್‌ನಲ್ಲಿ). ಸ್ಟೀರಿಯೋ ಆ ವೈರಿಗೆ ಸಾಮಾನ್ಯವಾಗಿ 3.3 ಅಥವಾ 5 ವೋಲ್ಟ್ ಕೊಟ್ಟು ಕಾಯ್ತಿರುತ್ತೆ. ಬಟನ್ ಒತ್ತಿದಾಗ ವೋಲ್ಟೇಜ್ ಎಲ್ಲಿಗೆ ಇಳೀತು ಅನ್ನೋದರ ಮೇಲೆ ಯಾವ ಬಟನ್ ಅಂತ ಲೆಕ್ಕ ಹಾಕುತ್ತೆ. ಉದಾಹರಣೆಗೆ ವಾಲ್ಯೂಮ್ ಪ್ಲಸ್‌ಗೆ 1 ಕಿಲೋಓಮ್, ಮುಂದಿನ ಹಾಡಿಗೆ 2.2 ಕಿಲೋಓಮ್ ಅಂದುಕೊಳ್ಳಿ. ವಾಲ್ಯೂಮ್ ಬಟನ್ನಿನ ಕಾಂಟ್ಯಾಕ್ಟ್ (ಒತ್ತಿದಾಗ ಒಳಗೆ ತಾಗೋ ಜಾಗ) ಮೇಲೆ ಬೆವರು, ಸ್ಯಾನಿಟೈಸರ್, ಕೈಗೆ ಹಚ್ಚಿದ ಕ್ರೀಮು ಇಳಿದು ಕೂತು ಅದೇ 1.2 ಕಿಲೋಓಮ್ ಸೇರಿಸಿದರೆ ಒಟ್ಟು 2.2 ಆಯ್ತು. ಸ್ಟೀರಿಯೋ ಪಾಪ ಹಾಡು ಬದಲಾಯಿಸುತ್ತೆ. ಒಂದು ಬಟನ್ ಇನ್ನೊಂದರ ಕೆಲಸ ಮಾಡೋಕೆ ಶುರು ಮಾಡಿದರೆ ಮೊದಲ ಅನುಮಾನ ಕಾಂಟ್ಯಾಕ್ಟ್ ಮೇಲೆ ಬರಬೇಕು. ಬಟನ್ನಿನ ಬೆಳಕು ಹತ್ತುತ್ತೆ ಅಂತ ಸಮಾಧಾನ ಪಡಬೇಡಿ, ಅದರ ಸರ್ಕ್ಯೂಟೇ ಬೇರೆ.

ಕ್ಲಾಕ್ ಸ್ಪ್ರಿಂಗ್ ಅಂದರೆ ಅಳತೆ ಟೇಪಿನ ಹಾಗೆ ಸುರುಳಿ ಸುತ್ತಿದ ಚಪ್ಪಟೆ ರಿಬ್ಬನ್. ಹಾರನ್, ಏರ್‌ಬ್ಯಾಗ್, ಬಟನ್ ಎಲ್ಲದಕ್ಕೂ ಅದರಲ್ಲಿ ಬೇರೆ ಬೇರೆ ತಾಮ್ರದ ಗೆರೆ ಇರುತ್ತೆ. ಹಾರನ್ನೂ ಹೋಗಿ, ಏರ್‌ಬ್ಯಾಗ್ ಲೈಟೂ ಹತ್ತಿ, ಬಟನ್ನೂ ಸತ್ತರೆ ಬಹುತೇಕ ರಿಬ್ಬನ್ನೇ ತುಂಡಾಗಿದೆ. ಹಾಗಂತ ಹಾರನ್ ಹೊಡೀತಿದೆ ಅನ್ನೋ ಒಂದೇ ಕಾರಣಕ್ಕೆ ಕ್ಲಾಕ್ ಸ್ಪ್ರಿಂಗ್ ಚೆನ್ನಾಗಿದೆ ಅಂತಲೂ ಹೇಳೋಕಾಗಲ್ಲ, ಒಂದೇ ಗೆರೆ ಬಿರುಕು ಬಿಟ್ಟಿರಬಹುದು. ಆದ್ದರಿಂದ ಅಳೆಯಬೇಕು.

ಅಳೆಯೋಕೆ ಏರ್‌ಬ್ಯಾಗ್ ಮುಟ್ಟಬೇಕಿಲ್ಲ. ಸ್ಟೀರಿಯೋ ಹೊರಗೆಳೆದು ಹಿಂದಿನ ಕನೆಕ್ಟರ್ ಬಿಚ್ಚಿ. ನಿಮ್ಮ ಮಾಡೆಲ್ಲಿನ ವೈರಿಂಗ್ ಚಿತ್ರ ನೋಡಿ ಸ್ಟೀರಿಂಗ್ ಬಟನ್ ವೈರು, ಅದರ ಗ್ರೌಂಡ್ ಯಾವುದು ಅಂತ ಗುರುತಿಸಿ. ಬಣ್ಣ ಊಹಿಸಿಕೊಂಡು ಮೀಟರ್ ಚುಚ್ಚಬೇಡಿ. ಮೊದಲು ವೋಲ್ಟ್ ನೋಡಿ, ಅಲ್ಲಿ ಸೊನ್ನೆ ಇರಬೇಕು. ಆಮೇಲೆ ಮೀಟರನ್ನು 20 ಕಿಲೋಓಮ್ ರೇಂಜಿಗೆ ಹಾಕಿ ಒಂದೊಂದೇ ಬಟನ್ ಒತ್ತಿ ಹಿಡಿಯಿರಿ, ಬಂದ ಅಂಕಿ ಬರೆದುಕೊಳ್ಳಿ. ಒಳ್ಳೆ ಬಟನ್ ಆದರೆ ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಒಂದೇ ಅಂಕಿ ನಿಲ್ಲುತ್ತೆ. ಒತ್ತಡ ಹೆಚ್ಚಿಸಿದಂತೆ ಅಂಕಿ 3 ಕಿಲೋಓಮ್‌ನಿಂದ 1.2ಕ್ಕೆ ಜಾರಿದರೆ ಅದು ಕೊಳೆ. ಒಂದೇ ಬಟನ್ ಏನೂ ತೋರಿಸದಿದ್ದರೆ ಆ ಬಟನ್ನಿನೊಳಗಿನ ಕಾರ್ಬನ್ ಬಿಲ್ಲೆ ಸವೆದಿರಬಹುದು. ಯಾವ ಬಟನ್ನೂ ತೋರಿಸದಿದ್ದರೆ ವೈರು, ಗ್ರೌಂಡ್ ಅಥವಾ ರಿಬ್ಬನ್.

ಈಗ ಮುಖ್ಯ ಪರೀಕ್ಷೆ. ಒಬ್ಬರು ಬಟನ್ ಒತ್ತಿ ಹಿಡಿದು ಸ್ಟೀರಿಂಗನ್ನು ಎಡದ ಕೊನೆಯಿಂದ ಬಲದ ಕೊನೆವರೆಗೆ ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಮೀಟರ್ ನೋಡಲಿ. ಗಾಳಿಯಾಡೋ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟರೆ ಸ್ಟೀರಿಂಗ್ ಹಗುರಾಗುತ್ತೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಯಾವುದೋ ಒಂದು ಕೋನದಲ್ಲಿ ಮಾತ್ರ ಅಂಕಿ ಹಾರಿದರೆ ರಿಬ್ಬನ್ ಅಲ್ಲಿ ಬಿರುಕು ಬಿಟ್ಟಿದೆ, ಆಗ ಗ್ಯಾರೇಜಿನವರ ಮಾತು ನಿಜ. ಅಂಕಿ ಅಲುಗಾಡದಿದ್ದರೆ ಕ್ಲಾಕ್ ಸ್ಪ್ರಿಂಗಿನ ದುಡ್ಡು ಉಳೀತು.

ಕೆಲವು ಹೊಸ ಕಾರುಗಳಲ್ಲಿ ಬಟನ್ ಹಿಂದೆಯೇ ಚಿಪ್ ಕೂತು ಡಿಜಿಟಲ್ ಸಿಗ್ನಲ್ ಕಳಿಸುತ್ತೆ. ಅಲ್ಲಿ ಓಮ್ ಲೆಕ್ಕ ನಡೆಯಲ್ಲ, ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರಲ್ಲಿ ಲೈವ್ ಡೇಟಾ ನೋಡಬೇಕು. ಇದನ್ನು ಓದ್ತಿರೋ ಬೇರೆಯವರು ಹೊರಗಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದ್ದರೆ ಮೊದಲು ಸ್ಟೀರಿಂಗ್ ಬಟನ್ನಿನ ಕೀ 1, ಕೀ 2, ಗ್ರೌಂಡ್ ವೈರು ಸೇರಿಸಿದ್ದಾರಾ ನೋಡಿ, ಸೆಟ್ಟಿಂಗ್ಸಲ್ಲಿ ಬಟನ್‌ಗಳನ್ನು ಹೊಸದಾಗಿ ಕಲಿಸಿ. ಅರ್ಧ ದೂರು ಅಲ್ಲೇ ಮುಗಿಯುತ್ತೆ.

ಬಟನ್ ಬಿಚ್ಚಬೇಕಾದರೆ ಹೆಚ್ಚಿನ ಕಾರಲ್ಲಿ ಏರ್‌ಬ್ಯಾಗ್ ತೆಗೀಲೇಬೇಕು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ಸಣ್ಣ ಕಾರು ಅಂತ ಸಸಾರ ಮಾಡಬೇಡಿ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಮುಟ್ಟಿಸಲೇಬಾರದು, ಮೀಟರಿನ ಚಿಕ್ಕ ಕರೆಂಟೂ ಅದನ್ನು ಸಿಡಿಸಬಹುದು. ಬಿಚ್ಚಿದ ಏರ್‌ಬ್ಯಾಗನ್ನು ಲೋಗೋ ಇರೋ ಮುಖ ಮೇಲೆ ಮಾಡಿ ಇಡಿ. ಅದು ಕೈಯಲ್ಲಿರುವಾಗ ಆ ಮುಖ ನಿಮ್ಮ ಕಡೆ ತಿರುಗಿರಬಾರದು. ಅದನ್ನು ವಾಪಸ್ ಸೇರಿಸೋವರೆಗೂ ಇಗ್ನಿಷನ್ ಹಾಕಬೇಡಿ, ಹಾಕಿದರೆ ಏರ್‌ಬ್ಯಾಗ್ ಲೈಟ್ ಹತ್ತಿ ದೋಷದ ಕೋಡ್ ಉಳಿದುಬಿಡುತ್ತೆ. ಧೈರ್ಯ ಸಾಲದಿದ್ದರೆ ಈ ಭಾಗ ಮಾತ್ರ ಗೊತ್ತಿರೋ ಮೆಕ್ಯಾನಿಕ್‌ಗೆ ಬಿಡಿ, ಬಟನ್ ಕ್ಲೀನಿಂಗ್ ನೀವೇ ಮಾಡಿ.

ಬಟನ್ ಸೆಟ್ ಬಿಚ್ಚಿದರೆ ಒಳಗೆ ಟಿವಿ ರಿಮೋಟಿನಲ್ಲಿರೋ ಥರದ್ದೇ ರಬ್ಬರ್ ಹಾಳೆ, ಅದರ ಬೆನ್ನಿಗೆ ಕಪ್ಪು ಕಾರ್ಬನ್ ಬಿಲ್ಲೆಗಳು, ಕೆಳಗೆ ಬೋರ್ಡು. ಬೋರ್ಡಿನ ಗೆರೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿದ ಇಯರ್ ಬಡ್ಡಿಂದ ಬಡ್ ಕಪ್ಪಾಗೋದು ನಿಲ್ಲೋವರೆಗೆ ಒರೆಸಿ. ಮೊಬೈಲ್ ರಿಪೇರಿಯವರು ಐಪಿಎ ಅಂತ ಇಟ್ಟುಕೊಂಡಿರುತ್ತಾರಲ್ಲ, ಅದೇ. ಕಾರ್ಬನ್ ಬಿಲ್ಲೆಯನ್ನು ಮಾತ್ರ ಒಂದೇ ಸಲ ಹಗುರವಾಗಿ ಒರೆಸಿ, ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತೆ. ಪೆಟ್ರೋಲ್, ಡಬ್ಲ್ಯೂಡಿ-40 ಹತ್ತಿರಕ್ಕೂ ತರಬೇಡಿ: ಒಂದು ರಬ್ಬರನ್ನು ಉಬ್ಬಿಸುತ್ತೆ, ಇನ್ನೊಂದರ ಎಣ್ಣೆ ಪಸೆ ಮತ್ತೆ ಧೂಳು ಹಿಡಿಯುತ್ತೆ. ಬಿಲ್ಲೆಯ ಮೇಲೆ ಮೀಟರಿನ ಎರಡೂ ಮೊನೆ ಮೆಲ್ಲಗೆ ಇಟ್ಟು ಅಕ್ಕಪಕ್ಕದ ಒಳ್ಳೆ ಬಿಲ್ಲೆಯ ಜೊತೆ ಹೋಲಿಸಿ. ಹಲವು ಪಟ್ಟು ಹೆಚ್ಚು ತೋರಿಸಿದರೆ ಸವೆದಿದೆ. ನಿಮ್ಮ ಮೋಡ್ ಬಟನ್ ಕಥೆ ಇದೇ ಇರಬಹುದು. ಅದಕ್ಕೆ ರಿಮೋಟ್ ರಿಪೇರಿಯ ಕಾರ್ಬನ್ ಪೇಂಟ್ ತೆಳುವಾಗಿ ಹಚ್ಚಿ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗಿಸಿ. ಬೆಂಗಳೂರಲ್ಲಿದ್ದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಬೋರ್ಡಿನ ಕನೆಕ್ಟರ್ ಪಿನ್ನಿನ ಸುತ್ತ ಬೆಸುಗೆ ಉಂಗುರದಂತೆ ಬಿರಿದಿದ್ದರೆ ಅದನ್ನೂ ಹೊಸದಾಗಿ ಬೆಸೆಯಿರಿ.

ಕ್ಲಾಕ್ ಸ್ಪ್ರಿಂಗೇ ಬದಲಾಯಿಸಬೇಕಾಗಿ ಬಂದರೆ ಮುಂದಿನ ಚಕ್ರ ನೇರ ಇರಲಿ, ಶಾಫ್ಟಿಗೂ ಸ್ಟೀರಿಂಗಿಗೂ ಪೇಂಟಿಂದ ಗುರುತು ಹಾಕಿ. ನಟ್ ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿಕೊಂಡು ಸ್ಟೀರಿಂಗ್ ವೀಲ್ ಎಳೆಯಿರಿ, ಇಲ್ಲದಿದ್ದರೆ ಅದು ಬಂದು ಮುಖಕ್ಕೆ ಬಡಿಯುತ್ತೆ. ಹೊಸ ಪಾರ್ಟಿನ ಲಾಕ್ ಪಿನ್ ಅಥವಾ ಸ್ಟಿಕ್ಕರನ್ನು ಕೂರಿಸೋವರೆಗೆ ತೆಗೀಬೇಡಿ. ತಪ್ಪಿ ತಿರುಗಿಬಿಟ್ಟರೆ ಒಂದು ಕೊನೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ವಾಪಸ್ ತಂದು ಬಾಣದ ಗುರುತು ಕೂಡಿಸಿ. ಮಧ್ಯ ತಪ್ಪಿ ಕೂರಿಸಿದರೆ ಮೊದಲ ಯೂ-ಟರ್ನಲ್ಲೇ ಹೊಸ ರಿಬ್ಬನ್ ಹರಿದುಹೋಗಬಹುದು. ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ (ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯೋದು) ಕ್ಲಾಕ್ ಸ್ಪ್ರಿಂಗಿಗೇ ಅಂಟಿಕೊಂಡಿರೋ ಕಾರಾದರೆ ಸ್ಕ್ಯಾನರಲ್ಲಿ ಕ್ಯಾಲಿಬ್ರೇಷನ್ನೂ ಆಗಬೇಕು.

ಸದ್ಯಕ್ಕೆ ಎಲ್ಲ ಬಟನ್ನಿನ ಓಮ್ ಅಂಕಿ, ಜೊತೆಗೆ ಸ್ಟೀರಿಂಗ್ ತಿರುಗಿಸಿದಾಗ ಅಂಕಿ ಹಾರುತ್ತಾ ಇಲ್ವಾ ಅನ್ನೋದನ್ನ ಇಲ್ಲಿ ಹಾಕಿ. ಕಾರಿನ ಮಾಡೆಲ್ಲೂ ವರ್ಷವೂ ಬರೆಯಿರಿ.